ಮೊದಲ ಲಾಟ್‌ಗೆ ಮುಂಚೆ: ಕೊಡಗಿನಲ್ಲಿ ಕುಳಿತು ಡಾಲರ್ ವಹಿವಾಟು

ಡಾಲರ್ ಒಂದು ಪೈಸೆ ಆಡಿದರೆ ಒಂದು ಲಾಟ್‌ನಲ್ಲಿ ಹತ್ತು ರೂಪಾಯಿ ಆಡುತ್ತದೆ. ಕರೆನ್ಸಿ ವಹಿವಾಟು ಕಲಿಯಬೇಕು ಎನ್ನುವವರಿಗೆ ನಾನು ಮೊದಲು ಬರೆದುಕೊಡುವ ಲೆಕ್ಕ ಇದೇ. ಷೇರುಪೇಟೆಯ ಕರೆನ್ಸಿ ವಿಭಾಗದಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್‌ನ, ಅಂದರೆ ಮುಂದಿನ ಒಂದು ದಿನಾಂಕಕ್ಕೆ ಇಂದೇ ದರ ಕಟ್ಟುವ ಒಪ್ಪಂದದ, ಒಂದು ಲಾಟ್ ಅಂದರೆ 1,000 ಡಾಲರ್. ದರ ಕಾಲು ಪೈಸೆಯ ಮೆಟ್ಟಿಲಲ್ಲಿ ಏರಿಳಿಯುತ್ತದೆ, ಒಂದು ಮೆಟ್ಟಿಲಿಗೆ ಎರಡೂವರೆ ರೂಪಾಯಿ. ಡಾಲರ್ 90 ರೂಪಾಯಿ ಇದ್ದರೆ ಲಾಟ್‌ನ ಪೂರ್ತಿ ಬೆಲೆ 90,000. ಕೈಯಿಂದ ಕಟ್ಟಬೇಕಾದ ಮಾರ್ಜಿನ್ (ಭದ್ರತಾ ಠೇವಣಿ) ಮಾತ್ರ ಸುಮಾರು ಶೇ. 2ರಿಂದ 3, ಅಂದರೆ ಎರಡರಿಂದ ಎರಡೂಮುಕ್ಕಾಲು ಸಾವಿರ. ಹೊಸಬರ ಕಣ್ಣು ನೆಡುವುದು ಈ ಎರಡು ಸಾವಿರದ ಮೇಲೆ. ನೆಡಬೇಕಾದದ್ದು 90,000ದ ಮೇಲೆ.

2013ರ ಆಗಸ್ಟ್ 28ರಂದು ರೂಪಾಯಿ ಒಂದೇ ದಿನದಲ್ಲಿ ಎರಡೂವರೆ ರೂಪಾಯಿಗೂ ಹೆಚ್ಚು ಕುಸಿದು 68.80ರ ಆಸುಪಾಸಿಗೆ ಬಂತು. ಅಂದು ಫ್ಯೂಚರ್ಸ್‌ನಲ್ಲಿ ಡಾಲರ್ ಮಾರಿ ಕುಳಿತವರಿಗೆ ಲಾಟ್ ಒಂದಕ್ಕೆ ಎರಡೂವರೆ ಸಾವಿರ ಹೋಯಿತು. ಇಂಥ ದಿನ ವರ್ಷಕ್ಕೊಮ್ಮೆಯೂ ಬಾರದೆ ಇರಬಹುದು. ಸಾಧಾರಣ ದಿನಗಳಲ್ಲಿ ಹತ್ತು ಪೈಸೆಯಿಂದ ಮೂವತ್ತು ಪೈಸೆಯೊಳಗೆ ಆಟ ಮುಗಿಯುತ್ತದೆ. ರಿಸರ್ವ್ ಬ್ಯಾಂಕು ಡಾಲರ್ ಕೊಂಡು, ಮಾರಿ ಏರಿಳಿತವನ್ನು ಹದ ಮಾಡುವುದರಿಂದ ತಿಂಗಳುಗಟ್ಟಲೆ ದರ ಅಲುಗದೆ ನಿಲ್ಲುವುದೂ ಉಂಟು. 2023ರಿಂದ 2024ರ ಬಹುಭಾಗ 82, 83, 84ರ ನಡುವೆಯೇ ಇತ್ತು. 2024ರ ಡಿಸೆಂಬರಿನಲ್ಲಿ 85, 2025ರ ಫೆಬ್ರವರಿಯಲ್ಲಿ 87, ಅದೇ ವರ್ಷದ ಡಿಸೆಂಬರಿನಲ್ಲಿ 90 ದಾಟಿತು. ದರ ಸುಮ್ಮನಿದ್ದ ಕಾಲದಲ್ಲಿ ಲಾಟ್ ಸಂಖ್ಯೆ ಏರಿಸುತ್ತಾ ಹೋಗುವುದು ಈ ಮಾರುಕಟ್ಟೆಯ ದೊಡ್ಡ ತಪ್ಪು. ಹಾಗೆ ಏರಿಸಿದ ಲಾಟ್‌ಗಳೆಲ್ಲ ದರ ಹೊರಟ ದಿನ ಒಟ್ಟಿಗೇ ಪೆಟ್ಟು ಕೊಡುತ್ತವೆ.

ನಾನು ಈ ಲೆಕ್ಕಕ್ಕೆ ಬಂದದ್ದು ಕಾಫಿಯ ಕಡೆಯಿಂದ. ಸಣ್ಣ ಪ್ರಮಾಣದಲ್ಲಿ ನೇರವಾಗಿ ವಿದೇಶಕ್ಕೆ ಕಾಫಿ ಕಳಿಸುವವರಿಗೆ ಡಾಲರ್ ದರ ಬೆಲೆಪಟ್ಟಿಯ ಅರ್ಧ ಭಾಗ. ಹಾಗಾಗಿ ಇಲ್ಲಿ ಬರೆದಿರುವುದು ಆ ಕೋನದಿಂದ ನಾನು ಪಾಲಿಸಿಕೊಂಡು ಬಂದ ಕ್ರಮ. ಮಕ್ಕಳ ಫೀಸನ್ನು ಡಾಲರ್‌ನಲ್ಲಿ ಕಟ್ಟುವ ತಂದೆತಾಯಿಗಳಿಗೂ ಇದರ ಬಹುಪಾಲು ಹೊಂದುತ್ತದೆ.

ಡಾಲರ್ ಲೆಕ್ಕ ಇದ್ದವರಿಗೆ ಮಾತ್ರ

ರೂಪಾಯಿ ಸೇರಿದ ಕರೆನ್ಸಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಪ್ರೀಮಿಯಂ ಕೊಟ್ಟು ಪಡೆಯುವ, ಗೊತ್ತಾದ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕು) ಇರುವುದು ಹೆಡ್ಜಿಂಗ್‌ಗೆ, ಅಂದರೆ ಈಗಾಗಲೇ ಇರುವ ವಿದೇಶಿ ಹಣದ ವ್ಯವಹಾರಕ್ಕೆ ರಕ್ಷಣೆಯಾಗಿ. ರಿಸರ್ವ್ ಬ್ಯಾಂಕು 2024ರ ಜನವರಿಯ ಸುತ್ತೋಲೆಯಲ್ಲಿ ಇದನ್ನು ಒತ್ತಿ ಹೇಳಿತು, ಮೇ 3ರಿಂದ ಜಾರಿಗೆ ತಂದಿತು. 10 ಕೋಟಿ ಡಾಲರ್‌ವರೆಗೆ ಮುಂಗಡವಾಗಿ ದಾಖಲೆ ಕೊಡಬೇಕಿಲ್ಲ. ಆದರೆ ವ್ಯವಹಾರ ನಿಜಕ್ಕೂ ಇರಬೇಕು, ಅದಕ್ಕೆ ಬೇರೆಲ್ಲೂ ಹೆಡ್ಜ್ ಮಾಡಿರಬಾರದು, ಕೇಳಿದಾಗ ತೋರಿಸುವಂತಿರಬೇಕು. ಹಲವು ಬ್ರೋಕರ್‌ಗಳು ಆಗಿನಿಂದ ಗ್ರಾಹಕರ ಕೈಲಿ ಘೋಷಣೆ ಬರೆಸಿಕೊಳ್ಳುತ್ತಿದ್ದಾರೆ. ಆ ಘೋಷಣೆಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಅದು ನಿಮ್ಮ ಮಾತು, ಬ್ರೋಕರ್‌ನದಲ್ಲ.

ಇಲ್ಲಿ ನಮ್ಮ ಬೆಳೆಗಾರರಿಗೆ ಒಂದು ಗೊಂದಲ ಇದೆ. ಲಂಡನ್ ಮಾರುಕಟ್ಟೆಯ ರೊಬಸ್ಟಾ ಕಾಫಿ ದರ ಡಾಲರ್‌ನಲ್ಲಿ ಇರುವುದರಿಂದ ತನಗೂ ಡಾಲರ್ ಲೆಕ್ಕ ಇದೆ ಎಂದು ಬೆಳೆಗಾರ ಅಂದುಕೊಳ್ಳುತ್ತಾನೆ. ಗೋಣಿಕೊಪ್ಪದ ವ್ಯಾಪಾರಿಗೆ ರೊಬಸ್ಟಾ ಚೆರ್ರಿಯನ್ನು (ಸಿಪ್ಪೆಸಹಿತ ಒಣಗಿಸಿದ ಕಾಫಿ) ರೂಪಾಯಿಗೆ ಮಾರುವವನ ಕೈಯಲ್ಲಿ ಡಾಲರ್ ಒಪ್ಪಂದ ಇಲ್ಲ. ಒಪ್ಪಂದ ಇರುವುದು ರಫ್ತುದಾರನಿಗೆ. ನಿಯಮ ಕೇಳುವುದು ಒಪ್ಪಂದವನ್ನು.

ನಿಯಮವನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕ ಹಾಕಿ ನೋಡಿದರೂ ಬೆಳೆಗಾರನಿಗೆ ಇದರಿಂದ ಸಿಗುವ ರಕ್ಷಣೆ ಕಡಿಮೆ. ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 4,000 ಡಾಲರ್ ಇದೆ ಎಂದು ಹಿಡಿಯಿರಿ. ಡಾಲರ್ ಒಂದು ರೂಪಾಯಿ ಏರಿದರೆ ಟನ್ನಿಗೆ 4,000 ರೂಪಾಯಿ, ಕ್ಲೀನ್ ಕಾಫಿ ಕೆಜಿಗೆ 4 ರೂಪಾಯಿ. 50 ಕೆಜಿ ಚೆರ್ರಿ ಮೂಟೆಗೆ ಔಟ್‌ಟರ್ನ್ 26, ಅಂದರೆ 26 ಕೆಜಿ ಕ್ಲೀನ್ ಕಾಫಿ, ಬಂದರೆ ಮೂಟೆಗೆ 104 ರೂಪಾಯಿ. ಲಂಡನ್ ದರವೇ 100 ಡಾಲರ್ ಇಳಿದರೆ, ಇತ್ತೀಚಿನ ವರ್ಷಗಳಲ್ಲಿ ಅದು ಒಂದೇ ದಿನದಲ್ಲಿ ಆಗುವಂಥದ್ದು, 90ರ ಡಾಲರ್‌ಗೆ ಕೆಜಿಗೆ 9 ರೂಪಾಯಿ, ಮೂಟೆಗೆ 234 ರೂಪಾಯಿ ಹೋಯಿತು. ಇನ್ನೊಂದು ಕೊಂಡಿಯೂ ಇದೆ. ಡಾಲರ್ ಎಲ್ಲ ಕರೆನ್ಸಿಗಳ ಎದುರು ಬಲಗೊಂಡಾಗ ಬ್ರೆಜಿಲ್‌ನ ಕರೆನ್ಸಿ ರಿಯಲ್ ಕೂಡ ಇಳಿಯುತ್ತದೆ, ಅಲ್ಲಿಯ ಬೆಳೆಗಾರ ತನ್ನ ಹಣದಲ್ಲಿ ಹೆಚ್ಚು ಸಿಗುತ್ತದೆಂದು ಮಾರಲು ಮುಂದಾಗುತ್ತಾನೆ, ಡಾಲರ್ ಲೆಕ್ಕದ ಕಾಫಿ ದರ ಬಾಗುತ್ತದೆ. ಡಾಲರ್ ಏರಿತು, ಕಾಫಿಗೂ ಏರುತ್ತದೆ ಎಂಬ ಲೆಕ್ಕಾಚಾರ ಕೈಕೊಡುವುದು ಇದರಿಂದ. ತೋಟದ ಬೆಲೆಯ ಚಿಂತೆಗೆ ಡಾಲರ್ ಲಾಟ್ ಮದ್ದಲ್ಲ.

ಹಾಗಾದರೆ ಯಾರಿಗೆ? ವಿದೇಶಿ ಕೊಳ್ಳುಗನ ಆರ್ಡರ್, ಇನ್‌ವಾಯ್ಸ್ ಕೈಯಲ್ಲಿರುವ ಸಣ್ಣ ರಫ್ತುದಾರನಿಗೆ. ಹೊರಗಿನಿಂದ ಯಂತ್ರ ತರಿಸಿ ಬಾಕಿ ಕಟ್ಟಬೇಕಾದವರಿಗೆ. ಪ್ರವೇಶ ಖಚಿತವಾಗಿ ಫೀಸಿನ ಪತ್ರ ಬಂದಿರುವ ವಿದ್ಯಾರ್ಥಿಯ ಮನೆಯವರಿಗೆ. ಪತ್ರ ಸಾಕೇ ಎಂಬ ಅನುಮಾನ ಇದ್ದರೆ ಬ್ರೋಕರ್‌ಗೆ ಇಮೇಲಿನಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ‘ಪರವಾಗಿಲ್ಲ ಸರ್, ಮಾಡಿ’ ಅಂದದ್ದಕ್ಕೆ ನಾಳೆ ಬೆಲೆ ಇಲ್ಲ.

ಮೊಬೈಲಿನಲ್ಲಿ ಬರುವ ಇನ್ನೊಂದು ದಾರಿ

ವಾಟ್ಸ್‌ಆಪ್, ಟೆಲಿಗ್ರಾಂ ಗುಂಪುಗಳಲ್ಲಿ ‘ಫಾರೆಕ್ಸ್’ ಎಂದು ಕಲಿಸುವುದು ಬಹುತೇಕ ಬೇರೆಯದೇ ವ್ಯವಹಾರ. ವಿದೇಶದ ಆಪ್, ಯೂರೋ-ಡಾಲರ್, ಚಿನ್ನ, ಐನೂರು ಪಟ್ಟು ಲಿವರೇಜ್. ಭಾರತದಲ್ಲಿ ವಾಸವಿರುವವರು ವಿದೇಶಿ ವಿನಿಮಯದ ವಹಿವಾಟನ್ನು ರಿಸರ್ವ್ ಬ್ಯಾಂಕು ಅಧಿಕಾರ ಕೊಟ್ಟವರ ಜೊತೆ, ಅದು ಒಪ್ಪಿದ ವೇದಿಕೆಯಲ್ಲಿ ಅಥವಾ ಮಾನ್ಯತೆ ಪಡೆದ ಷೇರುಪೇಟೆಗಳಲ್ಲಿ ಮಾತ್ರ ಮಾಡಬಹುದು. ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲು ಅವಕಾಶ ಕೊಡುವ ಯೋಜನೆಯಲ್ಲೂ ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ ಕಟ್ಟುವುದನ್ನು ಹೆಸರಿಟ್ಟು ನಿಷೇಧಿಸಲಾಗಿದೆ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ (ಫೆಮಾ) ದಂಡ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಅನಧಿಕೃತ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಿಂದ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆಪ್ ಅಧಿಕೃತ ಆಗುವುದಿಲ್ಲ. ಅಧಿಕೃತರ ಪಟ್ಟಿ ಬೇರೆಯೇ ಇದೆ, ನೋಡಬೇಕಾದದ್ದು ಅದನ್ನು.

ಐನೂರು ಪಟ್ಟು ಅಂದರೆ ಏನೆಂದು ಬಿಡಿಸಿ ನೋಡಿ. 100 ಡಾಲರ್ ಹಾಕಿ 50,000 ಡಾಲರ್‌ನ ವಹಿವಾಟು. ದರ ನಿಮ್ಮ ವಿರುದ್ಧ ಶೇ. 0.2 ಹೋದರೆ ನೂರು ಡಾಲರೂ ಖಾಲಿ. ಯೂರೋ-ಡಾಲರ್ ದಿನಕ್ಕೆ ಶೇ. 0.5 ಆಡುವುದು ಮಾಮೂಲು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಖಾತೆ ಬರಿದಾಗುತ್ತದೆ. ಯುರೋಪಿನ ನಿಯಂತ್ರಕರು 2018ರಲ್ಲಿ ಸಾಮಾನ್ಯ ಗ್ರಾಹಕರಿಗೆ ಲಿವರೇಜನ್ನು ಮೂವತ್ತು ಪಟ್ಟಿಗೆ ಕಟ್ಟಿಹಾಕಿದರು. ಆಗ ಅವರು ಕೊಟ್ಟ ಕಾರಣ, ಇಂಥ ಖಾತೆಗಳಲ್ಲಿ ಶೇ. 74ರಿಂದ 89ರಷ್ಟು ನಷ್ಟದಲ್ಲಿವೆ ಎಂಬುದು. ನಮ್ಮಲ್ಲೂ ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಷೇರುಗಳ ಫ್ಯೂಚರ್ಸ್-ಆಪ್ಷನ್ಸ್ ಬಗ್ಗೆ ಮಾಡಿದ ಅಧ್ಯಯನದಲ್ಲಿ ಮೂರು ವರ್ಷದಲ್ಲಿ ವ್ಯಕ್ತಿಗತ ವಹಿವಾಟುದಾರರ ಪೈಕಿ ಶೇ. 93 ಮಂದಿ ಕಳೆದುಕೊಂಡಿದ್ದರು.

ಗುರುತಿಸುವುದು ಸುಲಭ: ಯುಪಿಐನಲ್ಲಿ ಯಾರೋ ವ್ಯಕ್ತಿಯ ಹೆಸರಿಗೆ ಹಣ ಹಾಕಿಸುತ್ತಾರೆ. ಪ್ರತಿ ಸಲ ಬೇರೆ ಹೆಸರು ಬರುತ್ತದೆ. ಮೊದಲ ಸಲ ಐದು ಸಾವಿರ ವಾಪಸ್ ಕೊಡುತ್ತಾರೆ, ದೊಡ್ಡ ಮೊತ್ತ ತೆಗೆಯಲು ಹೋದಾಗ ‘ತೆರಿಗೆ ಮೊದಲು ಕಟ್ಟಿ’ ಅನ್ನುತ್ತಾರೆ. ನೋಂದಾಯಿತ ಬ್ರೋಕರ್‌ಗಳಿಗೆ 2025ರ ಅಕ್ಟೋಬರಿನಿಂದ ‘ವ್ಯಾಲಿಡ್’ ಎಂಬ ಪದ ಸೇರಿದ ಪ್ರತ್ಯೇಕ ಯುಪಿಐ ವಿಳಾಸ ಕೊಡಲಾಗಿದೆ, ಹಣ ಹಾಕುವ ಮುಂಚೆ ಅದನ್ನು ನೋಡಿ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಏನಂದಾರೋ ಎಂದು ಎರಡು ದಿನ ಮುಚ್ಚಿಟ್ಟರೆ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿರುತ್ತದೆ.

ಮೂರು ತಿಂಗಳ ಪುಸ್ತಕ

ಖಾತೆಗೆ ಕರೆನ್ಸಿ ವಿಭಾಗ ಸೇರಿಸಲು ಆದಾಯದ ಪುರಾವೆ ಬೇಕು. ಕೃಷಿ ಆದಾಯ ಮಾತ್ರ ಇರುವವರ ಹತ್ತಿರ ಐಟಿ ರಿಟರ್ನ್ ಇರುವುದಿಲ್ಲ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಡಿಮ್ಯಾಟ್‌ನಲ್ಲಿರುವ ಹೂಡಿಕೆಯ ವಿವರ ಸಾಮಾನ್ಯವಾಗಿ ನಡೆಯುತ್ತದೆ. ಹಾಗೆಯೇ ಆ ಬ್ರೋಕರ್ ಈಗಲೂ ಕರೆನ್ಸಿ ವಿಭಾಗ ನಡೆಸುತ್ತಿದ್ದಾನೆಯೇ ಎಂಬುದನ್ನು ಮೊದಲೇ ವಿಚಾರಿಸಿ. 2024ರ ನಂತರ ವ್ಯಾಪಾರ ಬಹಳ ತೆಳುವಾಗಿದೆ.

ಖಾತೆ ತೆರೆದ ದಿನವೇ ಆರ್ಡರ್ ಹಾಕುವ ಅವಸರ ಬೇಡ. ಒಂದು ಉದ್ದ ಲೆಡ್ಜರ್ ಪುಸ್ತಕ ತೆಗೆದುಕೊಳ್ಳಿ, ಮೂರು ತಿಂಗಳು ಕಾಗದದ ಮೇಲೆ ಮಾಡಿ. ಹುತ್ತರಿ ಕಳೆದು ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ಶುರುಮಾಡಿದರೆ ಹೂಮಳೆಯ ಹೊತ್ತಿಗೆ ಪುಸ್ತಕ ತುಂಬಿರುತ್ತದೆ. ನನ್ನ ಪುಸ್ತಕದ ಅಂಕಣಗಳು ಹೀಗೆ: ದಿನಾಂಕ, ನಡೆಯುತ್ತಿರುವ ತಿಂಗಳ ಫ್ಯೂಚರ್ಸ್ ದರ, ಬ್ಯಾಂಕು ಆ ದಿನ ನನಗೆ ಕೊಡುವ ದರ, ಎರಡರ ವ್ಯತ್ಯಾಸ, ಕೊಳ್ಳುವ-ಮಾರುವ ದರಗಳ ನಡುವಿನ ಅಂತರ, ಕೊನೆಯಲ್ಲಿ ‘ಇಂದು ಮಾರಿದ್ದರೆ ಎಷ್ಟಕ್ಕೆ, ಏಕೆ’ ಎಂಬ ಒಂದು ಸಾಲು. ‘ಏಕೆ’ ಬರೆಯಲು ಆಗದ ದಿನ ಖಾಲಿ ಬಿಡಿ. ಎಕ್ಸ್‌ಚೇಂಜ್ ಪ್ರತಿ ಸಂಜೆ ಉಚಿತವಾಗಿ ಹಾಕುವ ಭಾವ್‌ಕಾಪಿಯಿಂದ (ಆ ದಿನದ ದರಪಟ್ಟಿ) ದರಗಳನ್ನು ತಾಳೆ ನೋಡಬಹುದು.

ಈ ಅಂತರದ ಅಂಕಣ ಕಲಿಸುವಷ್ಟನ್ನು ಚಾರ್ಟ್ ಕಲಿಸುವುದಿಲ್ಲ. ಬ್ರೋಕರ್ ಆರ್ಡರಿಗೆ 20 ರೂಪಾಯಿ ತೆಗೆದುಕೊಂಡರೆ ಶೇ. 18 ಜಿಎಸ್‌ಟಿ ಸೇರಿ 23.60. ಹಾಕಲು ಒಮ್ಮೆ, ಮುಗಿಸಲು ಒಮ್ಮೆ, ಒಟ್ಟು 47.20. ಒಂದೇ ಲಾಟ್ ಆದರೆ ಇದೇ ಸುಮಾರು ಐದು ಪೈಸೆ ಆಯಿತು. ಅಂತರದಲ್ಲಿ ಇನ್ನೆರಡು ಪೈಸೆ ಹೋದರೆ ಏಳು. ಐದು-ಹತ್ತು ಪೈಸೆ ಲಾಭಕ್ಕೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಆಟದಲ್ಲಿ ಉಳಿಯುವುದು ಬ್ರೋಕರ್‌ಗೆ ಮಾತ್ರ ಎಂಬುದು ಪುಸ್ತಕದ ಎರಡನೇ ವಾರದಲ್ಲೇ ಕಾಣುತ್ತದೆ. ಅದೇ 20 ರೂಪಾಯಿ ಮೂರು ಲಾಟ್‌ನ ಒಂದೇ ಆರ್ಡರಿಗೆ ಹಂಚಿದರೆ ಭಾರ ಇಳಿಯುತ್ತದೆ.

ಪುಸ್ತಕದಲ್ಲಿ ಇನ್ನೊಂದು ಸಂಗತಿ ಕಾಣಬೇಕು. ಮುಂದಿನ ತಿಂಗಳ ಫ್ಯೂಚರ್ಸ್ ಸಾಮಾನ್ಯವಾಗಿ ಇಂದಿನ ದರಕ್ಕಿಂತ ತುಸು ಮೇಲಿರುತ್ತದೆ. ಡಾಲರ್ ಏರುತ್ತದೆಂಬ ಭವಿಷ್ಯವಾಣಿ ಅದರಲ್ಲಿಲ್ಲ. ಭಾರತದ ಬಡ್ಡಿ ಅಮೆರಿಕದ ಬಡ್ಡಿಗಿಂತ ಹೆಚ್ಚಿರುವುದರ ಲೆಕ್ಕ ಅದು. ವರ್ಷಕ್ಕೆ ಶೇ. 2 ವ್ಯತ್ಯಾಸ ಎಂದು ಹಿಡಿದರೆ 90 ರೂಪಾಯಿಗೆ ತಿಂಗಳಿಗೆ 15 ಪೈಸೆ. ಮುಂದೆ ಡಾಲರ್ ಬರಲಿರುವ ರಫ್ತುದಾರ ಮಾರುವಾಗ ಈ 15 ಪೈಸೆ ಅವನಿಗೆ ಸಿಗುತ್ತದೆ. ಫೀಸಿಗಾಗಿ ಕೊಳ್ಳುವವರು ಲಾಟ್ ಒಂದಕ್ಕೆ ತಿಂಗಳಿಗೆ 150 ರೂಪಾಯಿ ಕೊಟ್ಟ ಹಾಗೆ. ಆರು ತಿಂಗಳು ಮುಂಚಿತವಾಗಿ ಕೊಂಡು ಕುಳಿತರೆ 900.

ಮೊದಲ ಮೂರು ಲಾಟ್

60 ಕೆಜಿಯ 20 ಮೂಟೆ ಕಾಫಿ, ಒಟ್ಟು 1,200 ಕೆಜಿ, ಕೆಜಿಗೆ 6 ಡಾಲರ್. ಇನ್‌ವಾಯ್ಸ್ 7,200 ಡಾಲರ್. ಶೇ. 30 ಮುಂಗಡ, ಅಂದರೆ 2,160 ಡಾಲರ್ ಬಂದು ರೂಪಾಯಿ ಆಗಿಹೋಗಿದೆ. ಉಳಿದ 5,040 ಡಾಲರ್ ಏಪ್ರಿಲ್ ನಡುವೆ ಬರಬೇಕು. ಖರ್ಚಿನ ಲೆಕ್ಕ ಹಾಕುವಾಗ ಡಾಲರ್‌ಗೆ 90 ಹಿಡಿದಿದ್ದೀರಿ, ಅಂದರೆ 4,53,600 ರೂಪಾಯಿ ಕೈಗೆ ಬಂದರೆ ಲೆಕ್ಕ ಸರಿ.

ಐದು ಲಾಟ್ ಮಾರಬಹುದು. ಈಗ ಮಾರಿದ ಲಾಟನ್ನು ಹಣ ಬಂದ ದಿನ ಕೊಂಡು ಮುಗಿಸುವುದು, ಡಾಲರ್ ಇಳಿದಿದ್ದರೆ ವ್ಯತ್ಯಾಸ ನಿಮಗೆ. ಮೊದಲ ಸಲ ಮೂರು ಸಾಕು. ಮಾದರಿಗೂ ಸರಕಿಗೂ ಹೊಂದಲಿಲ್ಲ ಎಂದು ಕೊಳ್ಳುಗ ತಕರಾರು ತೆಗೆದರೆ ಹಣ ಕಡಿಮೆ ಬರುತ್ತದೆ, ಆಗ ಹೆಚ್ಚುವರಿ ಲಾಟ್ ಬರೀ ಜೂಜಾಗುತ್ತದೆ. ಹಣ ಬರುವ ದಿನದ ನಂತರ ಮುಗಿಯುವ ತಿಂಗಳನ್ನು ಆರಿಸಬೇಕು, ಹಾಗಾಗಿ ಏಪ್ರಿಲ್ ಫ್ಯೂಚರ್ಸ್. 90.40ಕ್ಕೆ ಮೂರು ಲಾಟ್ ಮಾರಿದಿರಿ ಎನ್ನಿ. ಆರ್ಡರ್ ಯಾವಾಗಲೂ ಲಿಮಿಟ್ ಆರ್ಡರ್, ಅಂದರೆ ನೀವು ಹೇಳಿದ ದರ ಅಥವಾ ಅದಕ್ಕಿಂತ ಒಳ್ಳೆಯ ದರ ಸಿಕ್ಕರೆ ಮಾತ್ರ. ತೆಳುವಾದ ಮಾರುಕಟ್ಟೆಯಲ್ಲಿ ಮಾರ್ಕೆಟ್ ಆರ್ಡರ್ ಹಾಕಿದರೆ ಎದುರಿಗೆ ಯಾವ ದರ ಇದೆಯೋ ಅದಕ್ಕೇ ಬೀಳುತ್ತದೆ. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆ ನಾನು ಏನೂ ಮಾಡುವುದಿಲ್ಲ, ಹತ್ತರ ನಂತರ ಅಂತರ ಕಿರಿದಾಗುತ್ತದೆ.

ಹಣ ಬಂದ ದಿನ ಡಾಲರ್ 89.10ಕ್ಕೆ ಇಳಿದಿದೆ, ಫ್ಯೂಚರ್ಸ್ 89.20. ಬ್ಯಾಂಕು ತನ್ನ 20 ಪೈಸೆ ಹಿಡಿದು 88.90 ಕೊಟ್ಟಿತು, ಕೈಗೆ 4,48,056. ಲೆಕ್ಕಕ್ಕಿಂತ 5,544 ಕಡಿಮೆ. ಫ್ಯೂಚರ್ಸ್‌ನಲ್ಲಿ 1.20 ಗುಣಿಸು 3,000, ಅಂದರೆ 3,600 ಬಂತು. ಖರ್ಚು ಕಳೆದು ಕೊರತೆ ಸುಮಾರು 2,000ಕ್ಕೆ ಇಳಿಯಿತು.

ತಿರುಗಿಸಿ ನೋಡಿ. ಡಾಲರ್ 91.60ಕ್ಕೆ ಏರಿದೆ, ಫ್ಯೂಚರ್ಸ್ 91.70. ಮೂರು ಲಾಟ್‌ನಲ್ಲಿ 3,900 ನಷ್ಟ. ಬ್ಯಾಂಕಿನಲ್ಲಿ 91.40ರಂತೆ 4,60,656, ಅಂದರೆ ಲೆಕ್ಕಕ್ಕಿಂತ 7,056 ಹೆಚ್ಚು. ಒಟ್ಟಿನಲ್ಲಿ ಮೂರು ಸಾವಿರದಷ್ಟು ಮಿಕ್ಕಿತು.

ಹೆಡ್ಜ್ ಮಾಡುವ ಹೊಸಬರು ಎಡವುವುದು ಈ ಎರಡನೇ ಸಂದರ್ಭದಲ್ಲೇ. ಬ್ಯಾಂಕಿನ 7,056 ಏಪ್ರಿಲ್ ನಡುವೆ ಬರುತ್ತದೆ. ಫ್ಯೂಚರ್ಸ್‌ನ ನಷ್ಟ ಮಾತ್ರ ದಿನದಿನವೂ ಖಾತೆಯಿಂದ ಕಡಿದುಹೋಗುತ್ತದೆ, ಅದಕ್ಕೇ ಮಾರ್ಕ್-ಟು-ಮಾರ್ಕೆಟ್ ಎನ್ನುವುದು. ಪರದೆಯ ಮೇಲೆ ಕೆಂಪು ಅಂಕಿ ಮಾತ್ರ ಕಾಣುತ್ತದೆ, ದಾರಿಯಲ್ಲಿರುವ ಡಾಲರ್ ಕಾಣುವುದಿಲ್ಲ. ಮೂರನೇ ವಾರಕ್ಕೆ ಧೈರ್ಯ ಕುಂದಿ 91.70ಕ್ಕೆ ಲಾಟ್ ಮುಗಿಸಿಬಿಡುತ್ತಾರೆ, ಆಮೇಲೆ ಡಾಲರ್ 89ಕ್ಕೆ ಇಳಿದರೆ ಎರಡೂ ಕಡೆ ಪೆಟ್ಟು. ಇದಕ್ಕೆ ನಾನು ಮಾಡುವುದು ಇಷ್ಟು: ಇನ್‌ವಾಯ್ಸ್‌ನ ಒಂದು ಪ್ರತಿಯ ಹಿಂದೆಯೇ ಲಾಟ್‌ನ ಲೆಕ್ಕ ಬರೆಯುತ್ತೇನೆ, ಪರದೆಯ ಅಂಕಿಯ ಪಕ್ಕ ಬಿಲ್ಲಿನ ಅಂದಿನ ಬೆಲೆಯನ್ನೂ ಹಾಕುತ್ತೇನೆ. ಎರಡನ್ನೂ ಕೂಡಿಸದೆ ಯಾವ ತೀರ್ಮಾನವೂ ಇಲ್ಲ. ಲಾಟ್ ಮುಗಿಸುವುದು ಒಂದೇ ಕಾರಣಕ್ಕೆ, ಬ್ಯಾಂಕು ಡಾಲರನ್ನು ರೂಪಾಯಿ ಮಾಡಿತು ಎಂಬುದಕ್ಕೆ. ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ.

ಕಡಿದುಹೋಗುವ ಹಣಕ್ಕೆ ತಯಾರಿ ಬೇಕು. ಮಾರ್ಜಿನ್ 2,700, ಡಾಲರ್ ಮೂರು ರೂಪಾಯಿ ವಿರುದ್ಧ ಹೋದರೆ 3,000, ಮಾರುಕಟ್ಟೆ ಕುದಿಯುವಾಗ ಎಕ್ಸ್‌ಚೇಂಜ್ ಏರಿಸುವ ಮಾರ್ಜಿನ್‌ಗೆ ಇನ್ನಷ್ಟು. ಲಾಟ್‌ಗೆ 10,000 ಇಟ್ಟುಕೊಂಡರೆ ನಿದ್ದೆ ಕೆಡುವುದಿಲ್ಲ. ಮೂರು ಲಾಟ್‌ಗೆ 30,000. ಕೊಯ್ಲಿನ ಕೂಲಿಗೆ, ಗೊಬ್ಬರಕ್ಕೆ ಎತ್ತಿಟ್ಟ ಹಣವನ್ನು ಇದಕ್ಕೆ ಹಾಕಬಾರದು. ಮಾರ್ಜಿನ್ ಸಾಲದೆ ಬ್ರೋಕರ್ ತಾನೇ ಲಾಟ್ ಮುಗಿಸಿಬಿಟ್ಟರೆ ನಿಮ್ಮ ಹೆಡ್ಜ್ ಅತ್ಯಂತ ಕೆಟ್ಟ ದರದಲ್ಲಿ ಹೋಗುತ್ತದೆ.

ಕೊನೆಯ ದಿನದ ಬಗ್ಗೆ ಒಂದು ಎಚ್ಚರ. ಕಾಂಟ್ರಾಕ್ಟ್ ತಿಂಗಳ ಕೊನೆಯ ದಿನ ಮುಗಿಯುವುದಿಲ್ಲ. ಕೊನೆಯ ಕೆಲಸದ ದಿನಕ್ಕೆ ಎರಡು ಕೆಲಸದ ದಿನ ಮುಂಚೆ, ಮಧ್ಯಾಹ್ನ 12.30ಕ್ಕೆ ಮುಗಿಯುತ್ತದೆ. 31 ಶುಕ್ರವಾರ ಆಗಿದ್ದರೆ 29ರ ಬುಧವಾರ. ಸಂಜೆ ಐದರವರೆಗೆ ಸಮಯ ಇದೆ ಎಂದುಕೊಂಡವರ ಲಾಟ್ ಆ ದಿನ ಎಫ್‌ಬಿಐಎಲ್ ಸಂಸ್ಥೆ ಪ್ರಕಟಿಸುವ ರೆಫರೆನ್ಸ್ ದರಕ್ಕೆ ತಾನಾಗಿ ತೀರುತ್ತದೆ. ಡಾಲರ್ ಕೈಗೆ ಬರುವುದಿಲ್ಲ, ರೂಪಾಯಿಯ ವ್ಯತ್ಯಾಸ ಮಾತ್ರ. ಕೊಳ್ಳುಗನ ಹಣ ತಡವಾದರೆ ಒಂದೆರಡು ದಿನ ಮೊದಲೇ ಏಪ್ರಿಲ್ ಲಾಟ್ ಕೊಂಡು ಮುಗಿಸಿ, ಮೇ ಲಾಟ್ ಮಾರಬೇಕು.

ಸಂಜೆ ಐದರ ನಂತರ

ನಮ್ಮ ಡಾಲರ್-ರೂಪಾಯಿ ವಹಿವಾಟು ಬೆಳಿಗ್ಗೆ 9ರಿಂದ ಸಂಜೆ 5. ಡಾಲರನ್ನು ಅಲುಗಿಸುವ ಸುದ್ದಿ ಬರುವುದು ಅದರ ನಂತರ. ಅಮೆರಿಕದ ಉದ್ಯೋಗದ ಅಂಕಿ ಬಹುತೇಕ ತಿಂಗಳ ಮೊದಲ ಶುಕ್ರವಾರ, ಅಲ್ಲಿಯ ಬೇಸಗೆಯಲ್ಲಿ ನಮಗೆ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ. ಫೆಡರಲ್ ರಿಸರ್ವ್ ವರ್ಷಕ್ಕೆ ಎಂಟು ಸಲ ಬಡ್ಡಿಯ ತೀರ್ಮಾನ ಹೇಳುವುದು ರಾತ್ರಿ 11.30ಕ್ಕೆ, ಚಳಿಗಾಲದಲ್ಲಿ 12.30ಕ್ಕೆ. ಮರುದಿನ 9ಕ್ಕೆ ದರ ನಿಂತಲ್ಲಿಂದ ಶುರುವಾಗುವುದಿಲ್ಲ, ಜಿಗಿದಿರುತ್ತದೆ. ನಮ್ಮ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಎರಡು ತಿಂಗಳಿಗೊಮ್ಮೆ, ಬೆಳಿಗ್ಗೆ 10ಕ್ಕೆ. ಈ ದಿನಗಳನ್ನು ವರ್ಷದ ಆರಂಭದಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಾಡಿಡಿ. ಆ ದಿನ ಹೊಸ ಲಾಟ್ ಬೇಡ.

ಸ್ಟಾಪ್‌ಲಾಸ್ (ದರ ಒಂದು ಮಟ್ಟ ಮುಟ್ಟಿದರೆ ಲಾಟ್ ಮುಗಿಸುವ ಆರ್ಡರ್) ಹಾಕಿದ್ದೇನೆ, ಚಿಂತೆ ಇಲ್ಲ ಎನ್ನುವವರು ಎರಡು ವಿಷಯ ತಿಳಿದಿರಬೇಕು. ನಮ್ಮಲ್ಲಿ ಆ ಆರ್ಡರ್ ಒಂದು ದಿನದ್ದು, ಸಂಜೆಗೆ ರದ್ದಾಗುತ್ತದೆ, ನಾಳೆ ಬೆಳಿಗ್ಗೆ ಮತ್ತೆ ಹಾಕಬೇಕು. ಎರಡನೆಯದು, ಟ್ರಿಗರ್ 90.90, ಲಿಮಿಟ್ 90.95 ಎಂದು ಇಟ್ಟಿದ್ದಾಗ ದರ ನೇರ 91.20ಕ್ಕೆ ಜಿಗಿದರೆ ಆರ್ಡರ್ ಅಲ್ಲೇ ನೇತಾಡುತ್ತದೆ. 2015ರ ಜನವರಿ 15ರಂದು ಸ್ವಿಸ್ ಸೆಂಟ್ರಲ್ ಬ್ಯಾಂಕು ಯೂರೋಗೆ 1.20 ಫ್ರಾಂಕ್ ಎಂಬ ಗಡಿಯನ್ನು ಕೈಬಿಟ್ಟಾಗ ಜಗತ್ತಿನಾದ್ಯಂತ ಸ್ಟಾಪ್‌ಲಾಸ್‌ಗಳು ಹೀಗೆಯೇ ನಿಷ್ಫಲವಾದವು. ಬಿಲ್ಲಿನ ಬೆಂಬಲವಿರುವ ಹೆಡ್ಜ್‌ಗೆ ನಾನು ಸ್ಟಾಪ್‌ಲಾಸ್ ಹಾಕುವುದಿಲ್ಲ. ಲಾಟ್ ಸಂಖ್ಯೆಯೇ ಅದರ ಕಾವಲು.

ಕೊಡಗಿನ ಮಳೆಗಾಲವನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್‌ನ ಬ್ಯಾಟರಿಯೂ ಕೆಲ ಗಂಟೆಗಳಲ್ಲಿ ಮುಗಿಯುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್, ತುಂಬಿದ ಪವರ್ ಬ್ಯಾಂಕ್, ಬ್ರೋಕರ್‌ನ ಫೋನ್ ಆರ್ಡರ್ ಸಂಖ್ಯೆ ಕಾಗದದಲ್ಲಿ ಬರೆದು ಗೋಡೆಗೆ. ಆ ಸಂಖ್ಯೆಗೆ ಒಮ್ಮೆ ಮುಂಚೆಯೇ ಕರೆ ಮಾಡಿ, ಗುರುತು ಖಚಿತಪಡಿಸಲು ಏನು ಕೇಳುತ್ತಾರೆ ಎಂದು ತಿಳಿದುಕೊಳ್ಳಿ. ಮೂರು ದಿನ ಸಂಪರ್ಕ ಕಡಿದರೂ ತಡೆದುಕೊಳ್ಳುವಷ್ಟು ಹಣ ಖಾತೆಯಲ್ಲಿ ಇಲ್ಲದಿದ್ದರೆ ಮಳೆಗಾಲಕ್ಕೆ ಲಾಟ್ ಒಯ್ಯಬೇಡಿ.

ಫ್ಯೂಚರ್ಸ್ ಬೇಡದ ಸಂದರ್ಭಗಳು

ನನ್ನ ತೂಕದಲ್ಲಿ ಬಹಳ ಮಂದಿಗೆ ಬ್ಯಾಂಕಿನ ದಾರಿಯೇ ಲೇಸು. ಚಾಲ್ತಿ ಖಾತೆ ಇರುವ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ ಕೇಳಿ, ಮುಂದೆ ಬರುವ ಡಾಲರ್‌ಗೆ ಬ್ಯಾಂಕಿನ ಜೊತೆ ಇಂದೇ ದರ ಕಟ್ಟುವ ಒಪ್ಪಂದ ಅದು. 5,040 ಅಂದರೆ 5,040 ಡಾಲರ್‌ಗೇ ದರ ಕಟ್ಟಬಹುದು, ದಿನದಿನದ ಕಡಿತ ಇಲ್ಲ. ಸಣ್ಣ ಮೊತ್ತಕ್ಕೆ ಬ್ಯಾಂಕು ಕೊಡುವ ಕಾರ್ಡ್ ದರದಲ್ಲಿ (ಬ್ಯಾಂಕು ಆ ದಿನಕ್ಕೆ ತಾನೇ ಗೊತ್ತುಮಾಡಿದ ದರ) ಎಷ್ಟು ಪೈಸೆ ಹೋಗುತ್ತಿದೆ ಎಂದು ಮೊದಲು ಕೇಳಿ. 5,040 ಡಾಲರ್‌ಗೆ 60 ಪೈಸೆ ಅಂದರೆ 3,024 ರೂಪಾಯಿ. ಫ್ಯೂಚರ್ಸ್‌ನಲ್ಲಿ ತಿಂಗಳಿಡೀ ಪೈಸೆ ಎಣಿಸಿ ಉಳಿಸುವುದಕ್ಕಿಂತ ಆ 60ನ್ನು 20ಕ್ಕೆ ಇಳಿಸಿಕೊಂಡರೆ ಲಾಭ ಹೆಚ್ಚು. 2019ರಿಂದ ಎಫ್‌ಎಕ್ಸ್-ರೀಟೇಲ್ ಎಂಬ ವೇದಿಕೆ ಇದೆ, ನಿಮ್ಮ ಬ್ಯಾಂಕಿನ ಮೂಲಕವೇ ನೋಂದಾಯಿಸಿ ಮಾರುಕಟ್ಟೆ ದರದಲ್ಲಿ ಡಾಲರ್ ಕೊಡು-ಕೊಳ್ಳು ಮಾಡಬಹುದು. ಶಾಖೆಯಲ್ಲಿ ಗೊತ್ತಿಲ್ಲ ಎಂದರೆ ವಿದೇಶಿ ವಿನಿಮಯ ವಿಭಾಗಕ್ಕೆ ಬರೆಯಿರಿ. ಫಾರ್ವರ್ಡ್ ಮಾಡಿದ ಬಿಲ್ಲಿಗೇ ಮತ್ತೆ ಫ್ಯೂಚರ್ಸ್ ಮಾರುವಂತಿಲ್ಲ, ಅದು ನೆನಪಿರಲಿ.

ಫೀಸು ಕಟ್ಟುವವರು ಹಣ ಕೈಯಲ್ಲಿದ್ದರೆ ಕಂತುಗಳಲ್ಲಿ ಮೊದಲೇ ಕಳಿಸಿಬಿಡುವುದು ಎಲ್ಲಕ್ಕಿಂತ ಸರಳ. ಮೂರು ತಿಂಗಳಲ್ಲಿ ಮೂರು ಸಲ ಕಳಿಸಿದರೆ ದರದ ಸರಾಸರಿ ಸಿಗುತ್ತದೆ. ಕಾಲ್ ಆಪ್ಷನ್ (ಡಾಲರ್ ಕೊಳ್ಳುವ ಹಕ್ಕು) ಕೊಂಡರೆ ಹೋಗುವುದು ಪ್ರೀಮಿಯಂ ಮಾತ್ರ ಎಂಬುದು ಪಠ್ಯಪುಸ್ತಕದ ಪ್ರಕಾರ ಚೆನ್ನಾಗಿದೆ, ಈಗಿನ ತೆಳು ಮಾರುಕಟ್ಟೆಯಲ್ಲಿ ಸರಿಯಾದ ದರಕ್ಕೆ ಸಿಗುವುದು ಕಷ್ಟ. ಆಪ್ಷನ್ ಮಾರುವುದಂತೂ ಹೊಸಬರಿಗೆ ಬೇಡವೇ ಬೇಡ. ಪೌಂಡ್, ಯೆನ್ ಲಾಟ್‌ಗಳೂ ಬೇಡ. ಯೂರೋ-ರೂಪಾಯಿಯಲ್ಲಿ ಎರಡು ದರಗಳ ಆಟ ಸೇರಿರುತ್ತದೆ, ಇಟಲಿ, ಜರ್ಮನಿಯ ಕೊಳ್ಳುಗರ ಜೊತೆ ಡಾಲರ್‌ನಲ್ಲೇ ಬಿಲ್ ಮಾಡಿಕೊಳ್ಳುವುದು ಅನುಕೂಲ.

ತೆರಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫ್ಯೂಚರ್ಸ್‌ನ ಲಾಭ-ನಷ್ಟ ವ್ಯಾಪಾರದ ಆದಾಯ, ಕಾಫಿಯ ಜೊತೆ ಸೇರಿಸಿ ಕೃಷಿ ಆದಾಯ ಎಂದು ತೋರಿಸುವಂತಿಲ್ಲ. ನಷ್ಟವಾದರೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಸಲ್ಲಿಸದಿದ್ದರೆ ಅದು ಅಲ್ಲಿಗೇ ಹೋಯಿತು.

ಒಂದು ಸಾಗಣೆಗೆ ಒಂದು ಫೈಲ್ ಮಾಡಿ. ಕೊಳ್ಳುಗನ ಆರ್ಡರ್, ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್, ಲಾಟ್ ಮಾರಿದ ದಿನದ ಕಾಂಟ್ರಾಕ್ಟ್ ನೋಟ್, ಮುಗಿಸಿದ ದಿನದ್ದು, ಹಣ ಬಂದದ್ದಕ್ಕೆ ಬ್ಯಾಂಕಿನ ಪತ್ರ, ಇಷ್ಟನ್ನೂ ಈ ಅನುಕ್ರಮದಲ್ಲೇ ಪಿನ್ ಮಾಡಿ. ಮೇಲಿನ ಹಾಳೆಯಲ್ಲಿ ಮೂರು ಅಂಕಿ: ಲೆಕ್ಕ ಹಿಡಿದಾಗಿನ ಡಾಲರ್ ದರ, ಬ್ಯಾಂಕು ಕೊಟ್ಟ ದರ, ಫ್ಯೂಚರ್ಸ್‌ನ ಹಣ ಕೂಡಿಸಿ-ಕಳೆದು ನಿಜಕ್ಕೂ ಬಿದ್ದ ದರ. ಮೇಲಿನ ಮೊದಲ ಉದಾಹರಣೆಯಲ್ಲಿ ಆ ಮೂರನೆಯ ಅಂಕಿ 89.60. ಮುಂದಿನ ಆರ್ಡರಿಗೆ ಬೆಲೆ ಹೇಳುವಾಗ ನಾನು ಮೊದಲು ತೆಗೆಯುವುದು ಈ ಹಾಳೆಯನ್ನು.